ಒಂದು ಹನಿ ರಕ್ತದಲ್ಲಿ ಬೇಕಾದ ಪ್ರೋಟೀನನ್ನಷ್ಟೇ ಬೇಗ ಅಳೆಯುವುದು: ಮಾಸ್ ಸ್ಪೆಕ್ಟ್ರೋಮೆಟ್ರಿ ಕೈಪಿಡಿ

ವಿಜಯಪುರ, ಬಾಗಲಕೋಟೆ, ಬೆಳಗಾವಿಯ ವೈದ್ಯಕೀಯ ಕಾಲೇಜುಗಳಲ್ಲಿ ಬಯೋಕೆಮಿಸ್ಟ್ರಿ ವಿಷಯದಲ್ಲಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳು ಅಣುಗಳನ್ನು ಅವುಗಳ ತೂಕದಿಂದ ಗುರುತಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿಯ ಹೆಸರು ಕೇಳಿದೊಡನೆ ಸಾವಿರಾರು ಪ್ರೋಟೀನುಗಳ ಉದ್ದನೆಯ ಪಟ್ಟಿಯನ್ನು ಕಣ್ಣ ಮುಂದೆ ತಂದುಕೊಳ್ಳುತ್ತಾರೆ. ಅದು ಸಹಜವೇ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ 2014ರಲ್ಲಿ ಪ್ರಕಟಿಸಿದ ಮಾನವ ಪ್ರೋಟೀನುಗಳ ನಕ್ಷೆಯಲ್ಲಿ 17,294 ಜೀನ್‌ಗಳ ಪ್ರೋಟೀನುಗಳು ದಾಖಲಾಗಿದ್ದವು. ಆದರೆ ವಾರ್ಡಿನಿಂದ ಬರುವ ಪ್ರಶ್ನೆ ಅಷ್ಟು ದೊಡ್ಡದಾಗಿರುವುದಿಲ್ಲ. ಈ ಹೆಣ್ಣುಮಗಳ ರಕ್ತದಲ್ಲಿ ಈ ಒಂದು ಪ್ರೋಟೀನು ಎಷ್ಟಿದೆ, ಇವತ್ತೇ ಹೇಳಲು ಆಗುತ್ತದೆಯೇ ಎಂದಷ್ಟೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವ ವಿಧಾನವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ವಿವರಿಸುತ್ತೇನೆ. ಅಳತೆ ಬೇಗ ಮುಗಿಯುವುದೋ ಇಲ್ಲವೋ ಎಂಬುದು ಯಂತ್ರದ ಮುಂದೆ ಕೂರುವ ಬಹಳ ಮೊದಲೇ, ಪ್ರೋಟೀನಿನ ಯಾವ ತುಣುಕನ್ನು ಅಳೆಯಬೇಕು ಎಂದು ಕಾಗದದ ಮೇಲೆ ತೀರ್ಮಾನಿಸುವ ಹೊತ್ತಿನಲ್ಲೇ ನಿರ್ಧಾರವಾಗಿರುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಆ ಭಾಗವನ್ನೇ ಹೆಚ್ಚು ವಿಸ್ತಾರವಾಗಿ ಬರೆದಿದ್ದೇನೆ.

ಉದಾಹರಣೆಯಾಗಿ ಹಿಮೋಗ್ಲೋಬಿನ್ ಎ2 ಅನ್ನು ಆರಿಸಿಕೊಂಡಿದ್ದೇನೆ. ಬೀಟಾ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದೋಷದ ವಾಹಕರಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ಶೇ. 3.5ಕ್ಕಿಂತ ಹೆಚ್ಚಿರುತ್ತದೆ. ಇದನ್ನು ಅಣುಗಳನ್ನು ದ್ರವದ ಹರಿವಿನಲ್ಲಿ ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಈಗಾಗಲೇ ಚೆನ್ನಾಗಿ ಅಳೆಯುತ್ತಾರೆ, ಹಾಗಿರುವಾಗ ಮಾಸ್ ಸ್ಪೆಕ್ಟ್ರೋಮೆಟ್ರಿ ಏಕೆ ಎಂದು ಕೇಳಬಹುದು. ಉತ್ತರ ಎರಡು. ಎಚ್‌ಪಿಎಲ್‌ಸಿಯಲ್ಲಿ ಹಿಮೋಗ್ಲೋಬಿನ್ ಇ ಎಂಬ ಬದಲಾದ ರೂಪ ಮತ್ತು ಎ2 ಒಂದೇ ಜಾಗದಲ್ಲಿ ಹೊರಬರುತ್ತವೆ, ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದೋಷ ಇರುವವರಲ್ಲಿ ಎ2 ಅಂಕಿ ಇದ್ದುದಕ್ಕಿಂತ ಹೆಚ್ಚಾಗಿ ಕಾಣಿಸುತ್ತದೆ. ಪ್ರೋಟೀನಿನ ಚಿಕ್ಕ ತುಣುಕಾದ ಪೆಪ್ಟೈಡಿನ ಮಟ್ಟದಲ್ಲಿ ಅಳೆದರೆ ಈ ಗೊಂದಲ ಇಲ್ಲ. ಎರಡನೆಯದಾಗಿ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗದು. ರಕ್ತದಲ್ಲಿ ಹಿಮೋಗ್ಲೋಬಿನ್ ಧಾರಾಳವಾಗಿದೆ, ಟ್ರಿಪ್ಸಿನ್ ಎಂಬ ಕಿಣ್ವ ಅದನ್ನು ಅರ್ಧ ಗಂಟೆಯಲ್ಲಿ ಕತ್ತರಿಸುತ್ತದೆ, ನಿಮ್ಮ ಫಲಿತಾಂಶ ಸರಿಯೋ ತಪ್ಪೋ ಎಂಬುದನ್ನು ನಿಮ್ಮದೇ ಆಸ್ಪತ್ರೆಯ ಎಚ್‌ಪಿಎಲ್‌ಸಿ ವರದಿಯ ಪಕ್ಕದಲ್ಲಿಟ್ಟು ನೋಡಬಹುದು.

ಯಂತ್ರದೊಳಗೆ ಏನು ನಡೆಯುತ್ತದೆ

ಈ ಕೆಲಸಕ್ಕೆ ಬೇಕಾದದ್ದು ಟ್ರಿಪಲ್ ಕ್ವಾಡ್ರುಪೋಲ್ ಎಂಬ ಬಗೆಯ ಯಂತ್ರ. ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಇದು ಪೂರ್ತಿ ಅಪರಿಚಿತವಲ್ಲ. ರಫ್ತಾಗುವ ದ್ರಾಕ್ಷಿಯಲ್ಲಿ ಕೀಟನಾಶಕದ ಶೇಷ ಎಷ್ಟಿದೆ ಎಂದು ಪರೀಕ್ಷಿಸುವ ಪ್ರಯೋಗಾಲಯಗಳು ಬಳಸುವುದೂ ಇದೇ ಬಗೆಯ ಯಂತ್ರವನ್ನೇ. ಕಣದಲ್ಲಿ ಜೋಳದ ರಾಶಿಯನ್ನು ಒಂದು ಸಾಣಿಗೆಯಲ್ಲಿ ಹಿಡಿದು, ಬಂದದ್ದನ್ನು ಒಡೆದು, ಮತ್ತೆ ಬೇರೊಂದು ಸಾಣಿಗೆಯಲ್ಲಿ ಹಿಡಿದಂತೆ ಇದರ ಕೆಲಸ. ದ್ರವದಲ್ಲಿರುವ ಪೆಪ್ಟೈಡುಗಳು ಎಲೆಕ್ಟ್ರೋಸ್ಪ್ರೇ ಮೂಲಕ ವಿದ್ಯುದಾವೇಶ ಪಡೆದು ಅಯಾನುಗಳಾಗಿ ಒಳಗೆ ಬರುತ್ತವೆ. ಮೊದಲ ಕ್ವಾಡ್ರುಪೋಲ್ ನಮಗೆ ಬೇಕಾದ ತೂಕದ ಪೆಪ್ಟೈಡನ್ನು ಮಾತ್ರ ಬಿಡುತ್ತದೆ, ನಡುವಿನ ಕೋಶದಲ್ಲಿ ಅದು ಅನಿಲದ ಅಣುಗಳಿಗೆ ಬಡಿದು ಒಡೆಯುತ್ತದೆ, ಕೊನೆಯ ಕ್ವಾಡ್ರುಪೋಲ್ ಆ ಒಡೆದ ಚೂರುಗಳಲ್ಲಿ ನಾವು ಹೇಳಿದ ಒಂದನ್ನಷ್ಟೇ ಎಣಿಕೆಗೆ ಕಳಿಸುತ್ತದೆ. ಪೆಪ್ಟೈಡಿನ ತೂಕ ಮತ್ತು ಅದರ ಚೂರಿನ ತೂಕ ಸೇರಿದ ಜೋಡಿಗೆ ಟ್ರಾನ್ಸಿಷನ್ ಎನ್ನುತ್ತಾರೆ, ಇಂಥ ಹಲವು ಜೋಡಿಗಳನ್ನು ಒಂದರ ಹಿಂದೆ ಒಂದರಂತೆ ಅಳೆಯುವುದೇ ಎಂಆರ್‌ಎಂ ವಿಧಾನ. ಪ್ರೋಟೀನಿನಂಥ ದೊಡ್ಡ ಅಣುಗಳನ್ನು ಹೀಗೆ ಅಯಾನುಗಳಾಗಿಸುವ ಎಲೆಕ್ಟ್ರೋಸ್ಪ್ರೇ ವಿಧಾನಕ್ಕಾಗಿಯೇ ಜಾನ್ ಫೆನ್ ಅವರಿಗೆ 2002ರ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರದಲ್ಲಿ ಪಾಲು ಸಂದಿತು.

ತುಣುಕನ್ನು ಆರಿಸುವುದು

ಇಡೀ ಪ್ರೋಟೀನನ್ನು ಹಾಗೆಯೇ ಅಳೆಯುವ ಬದಲು ಅದನ್ನು ಟ್ರಿಪ್ಸಿನ್‌ನಿಂದ ಕತ್ತರಿಸಿ, ಆ ಪ್ರೋಟೀನಿಗೆ ಮಾತ್ರ ಸೇರಿದ ಒಂದು ಪೆಪ್ಟೈಡನ್ನು ಅಳೆಯುತ್ತೇವೆ. ಟ್ರಿಪ್ಸಿನ್ ಲೈಸೀನ್ ಮತ್ತು ಆರ್ಜಿನೀನ್ ಆದ ಮೇಲೆ ಕತ್ತರಿಸುತ್ತದೆ, ಮುಂದಿನ ಅಮೈನೋ ಆಮ್ಲ ಪ್ರೋಲೀನ್ ಆಗಿದ್ದರೆ ಸಾಮಾನ್ಯವಾಗಿ ಕತ್ತರಿಸುವುದಿಲ್ಲ. ಹೀಗೆ ಸಿಗುವ ತುಣುಕುಗಳಲ್ಲಿ 7ರಿಂದ 20 ಅಮೈನೋ ಆಮ್ಲಗಳ ಉದ್ದದವು ಕೆಲಸಕ್ಕೆ ಒದಗುತ್ತವೆ. ಸುಲಭವಾಗಿ ಆಕ್ಸಿಡೀಕರಣಗೊಳ್ಳುವ ಮೀಥಿಯೋನೀನ್, ಮುಂಚೆ ಅಲ್ಕೈಲೀಕರಣ ಬೇಡುವ ಸಿಸ್ಟೀನ್, ಗ್ಲೈಸೀನ್‌ಗೆ ಹತ್ತಿಕೊಂಡ ಆಸ್ಪರಜೀನ್ ಇರುವ ತುಣುಕುಗಳನ್ನು ಆದಷ್ಟು ಬಿಡಬೇಕು. ಸಕ್ಕರೆ ಅಥವಾ ಫಾಸ್ಫೇಟ್ ಅಂಟಿಕೊಳ್ಳುವ ಜಾಗವಿದ್ದರೆ ಅದನ್ನೂ ಬಿಡಬೇಕು.

ಈಗ ನಮ್ಮ ಉದಾಹರಣೆಗೆ ಬರೋಣ. ಹಿಮೋಗ್ಲೋಬಿನ್ ಎ ಎಂದರೆ ಎರಡು ಆಲ್ಫಾ, ಎರಡು ಬೀಟಾ ಸರಪಳಿ. ಹಿಮೋಗ್ಲೋಬಿನ್ ಎ2 ಎಂದರೆ ಎರಡು ಆಲ್ಫಾ, ಎರಡು ಡೆಲ್ಟಾ. ಆಲ್ಫಾ ಎರಡರಲ್ಲೂ ಒಂದೇ ಆದ್ದರಿಂದ ಅದರಿಂದ ಪ್ರಯೋಜನವಿಲ್ಲ, ಡೆಲ್ಟಾ ಮತ್ತು ಬೀಟಾಗಳ ಪ್ರಮಾಣವನ್ನು ಹೋಲಿಸಬೇಕು. 146 ಅಮೈನೋ ಆಮ್ಲಗಳ ಈ ಎರಡು ಸರಪಳಿಗಳ ನಡುವೆ ವ್ಯತ್ಯಾಸ ಇರುವುದು ಕೇವಲ 10 ಕಡೆ. ಅದೃಷ್ಟಕ್ಕೆ ಎರಡು ವ್ಯತ್ಯಾಸಗಳು ಒಂದೇ ತುಣುಕಿನಲ್ಲಿ, 9ರಿಂದ 17ರವರೆಗಿನ ಭಾಗದಲ್ಲಿ ಬಿದ್ದಿವೆ. ಬೀಟಾದಲ್ಲಿ ಆ ತುಣುಕು ಸೆರೀನ್, ಅಲನೀನ್, ವ್ಯಾಲೀನ್, ಥ್ರಿಯೋನೀನ್, ಅಲನೀನ್, ಲ್ಯೂಸೀನ್, ಟ್ರಿಪ್ಟೋಫ್ಯಾನ್, ಗ್ಲೈಸೀನ್, ಲೈಸೀನ್ ಎಂದು ಸಾಗುತ್ತದೆ. ಡೆಲ್ಟಾದಲ್ಲಿ ಮೊದಲನೆಯ ಸೆರೀನ್ ಜಾಗದಲ್ಲಿ ಥ್ರಿಯೋನೀನ್, ನಾಲ್ಕನೆಯ ಥ್ರಿಯೋನೀನ್ ಜಾಗದಲ್ಲಿ ಆಸ್ಪರಜೀನ್ ಬರುತ್ತವೆ. ಎರಡು ಧನ ಆವೇಶ ಹೊತ್ತಾಗ ಬೀಟಾ ಪೆಪ್ಟೈಡಿನ ಎಂ ಬೈ ಝಡ್ ಬೆಲೆ, ಎಂದರೆ ತೂಕವನ್ನು ಆವೇಶದಿಂದ ಭಾಗಿಸಿದ ಅಂಕಿ, 466.76, ಡೆಲ್ಟಾದ್ದು 480.27. ಟ್ರಿಪ್ಟೋಫ್ಯಾನ್ ಕೂಡ ಸ್ವಲ್ಪ ಮಟ್ಟಿಗೆ ಆಕ್ಸಿಡೀಕರಣಗೊಳ್ಳಬಲ್ಲದು, ಆದರೆ ಎರಡೂ ಪೆಪ್ಟೈಡಿನಲ್ಲಿ ಅದು ಒಂದೇ ಜಾಗದಲ್ಲಿರುವುದರಿಂದ ಮತ್ತು ಡೆಲ್ಟಾದ ಆಸ್ಪರಜೀನ್ ಪಕ್ಕ ಗ್ಲೈಸೀನ್ ಬದಲು ಅಲನೀನ್ ಇರುವುದರಿಂದ ಈ ಆಯ್ಕೆಯನ್ನು ನಾನು ಒಪ್ಪುತ್ತೇನೆ. ನಿಯಮಗಳೆಲ್ಲ ಕೂಡಿ ಬರುವ ಪೆಪ್ಟೈಡ್ ಸಿಗುವುದು ಅಪರೂಪ.

ಚೂರನ್ನು ಆರಿಸುವಾಗ ಒಂದು ಸೂಕ್ಷ್ಮವಿದೆ. ಬಲ ತುದಿಯಿಂದ ಐದು ಅಮೈನೋ ಆಮ್ಲಗಳಿರುವ ವೈ5 ಚೂರಿನ ಬೆಲೆ ಎರಡೂ ಪೆಪ್ಟೈಡಿನಲ್ಲಿ 574.33, ಏಕೆಂದರೆ ಆ ಐದೂ ಸಮಾನ. ಅದನ್ನೇ ಆರಿಸಿಕೊಂಡರೆ ಎರಡನೆಯ ಸಾಣಿಗೆ ಇದ್ದೂ ಇಲ್ಲದಂತಾಗುತ್ತದೆ. ವೈ6 ಚೂರಿನಲ್ಲಿ ಬೀಟಾದ ಥ್ರಿಯೋನೀನ್ ಮತ್ತು ಡೆಲ್ಟಾದ ಆಸ್ಪರಜೀನ್ ಸೇರಿಕೊಳ್ಳುವುದರಿಂದ ಬೆಲೆಗಳು 675.38 ಮತ್ತು 688.38 ಎಂದು ಬೇರೆಯಾಗುತ್ತವೆ. ವೈ7 ಚೂರೂ ಹೀಗೆಯೇ, 774.45 ಮತ್ತು 787.45. ಆದ್ದರಿಂದ ಅಳತೆಗೆ ವೈ6, ಖಚಿತಪಡಿಸಿಕೊಳ್ಳಲು ವೈ7, ಮೂರನೆಯ ಸಾಕ್ಷಿಗೆ ಮಾತ್ರ ವೈ5 ಎಂದು ಇಟ್ಟುಕೊಳ್ಳಬೇಕು.

ಸಿಕಲ್ ಸೆಲ್ ಬದಲಾವಣೆಯನ್ನೂ ಅದೇ ರನ್‌ನಲ್ಲಿ ನೋಡಬಹುದು. ಬೀಟಾದ ಮೊದಲ ಎಂಟು ಅಮೈನೋ ಆಮ್ಲಗಳ ತುಣುಕಿನ ಬೆಲೆ 476.76. ಆರನೆಯ ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲೀನ್ ಬಂದಾಗ ಅದು 461.77 ಆಗುತ್ತದೆ, ವೈ4 ಚೂರು 502.25ರಿಂದ 472.28ಕ್ಕೆ ಇಳಿಯುತ್ತದೆ. ಇಲ್ಲಿ ಹೊಸಬರು ಎಡವುವ ಒಂದು ಜಾಗವನ್ನು ಹೇಳಬೇಕು. ಯೂನಿಪ್ರಾಟ್ ದತ್ತಕೋಶದಲ್ಲಿ ಬೀಟಾ ಸರಪಳಿಯನ್ನು ಪಿ68871, ಡೆಲ್ಟಾವನ್ನು ಪಿ02042 ಎಂಬ ಗುರುತಿನಲ್ಲಿ ಹುಡುಕಬಹುದು. ಅಲ್ಲಿ ಎಣಿಕೆ ಆರಂಭಿಕ ಮೀಥಿಯೋನೀನ್‌ನಿಂದ ಶುರುವಾಗುವುದರಿಂದ ವೈದ್ಯರು ಆರನೆಯದು ಎನ್ನುವ ಸ್ಥಾನ ಅಲ್ಲಿ ಏಳನೆಯದಾಗಿ ಕಾಣುತ್ತದೆ. ಪೆಪ್ಟೈಡ್ ತಯಾರಿಕೆಗೆ ಆರ್ಡರ್ ಕೊಡುವ ಮುನ್ನ ಸರಪಳಿಯನ್ನು ಅಕ್ಷರಕ್ಷರವಾಗಿ ಓದಿ ಸರಿಪಡಿಸಿಕೊಳ್ಳಿರಿ.

ಟ್ರಾನ್ಸಿಷನ್ ಪಟ್ಟಿ ಮಾಡಲು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸ್ಕೈಲೈನ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಆದರೂ ಮೊದಲ ಪೆಪ್ಟೈಡಿನ ಬೆಲೆಗಳನ್ನು ಕೈಯಲ್ಲೇ ಕೂಡಿ ನೋಡುವುದನ್ನು ನಾನು ಪ್ರತಿ ವಿದ್ಯಾರ್ಥಿಯಿಂದಲೂ ಮಾಡಿಸುತ್ತೇನೆ. ಹಾಗೆ ಮಾಡಿದವರು ಮುಂದೆ ಯಂತ್ರದ ರೇಖೆಯಲ್ಲಿ ತಪ್ಪು ಪೀಕ್, ಎಂದರೆ ತಪ್ಪು ಏರು, ನೋಡಿದಾಗ ಅದರ ಮೇಲೆ ಸಂಶಯಪಡಲು ಕಲಿಯುತ್ತಾರೆ.

ಹೆವಿ ಪೆಪ್ಟೈಡ್

ಒಂದೇ ಮಾದರಿಯನ್ನು ಬೆಳಿಗ್ಗೆ ಮತ್ತು ಸಂಜೆ ಅಳೆದರೆ ಪೀಕ್‌ನ ವಿಸ್ತೀರ್ಣ ಒಂದೇ ಇರುವುದಿಲ್ಲ. ಮೂಲದ ಸೂಜಿ ಕೊಳೆಯಾಗಿರಬಹುದು, ಜೊತೆಗೆ ಬಂದ ಬೇರೆ ಅಣುಗಳು ಅಯಾನೀಕರಣವನ್ನು ತಗ್ಗಿಸಿರಬಹುದು. ಆದ್ದರಿಂದ ನಮ್ಮ ಪೆಪ್ಟೈಡಿನದೇ ಅವಳಿಯೊಂದನ್ನು ತಿಳಿದ ಪ್ರಮಾಣದಲ್ಲಿ ಪ್ರತಿ ಮಾದರಿಗೂ ಸೇರಿಸುತ್ತೇವೆ. ಕೊನೆಯ ಲೈಸೀನ್‌ನ ಆರು ಕಾರ್ಬನ್ ಮತ್ತು ಎರಡು ನೈಟ್ರೋಜನ್ ಪರಮಾಣುಗಳ ಜಾಗದಲ್ಲಿ ಅವುಗಳ ಭಾರದ ಐಸೋಟೋಪುಗಳಿರುವ ಈ ಅವಳಿ 8.014 ಡಾಲ್ಟನ್ ಹೆಚ್ಚು ತೂಗುತ್ತದೆ. ಎರಡು ಆವೇಶವಿರುವಾಗ ಬೆಲೆ 4.007ರಷ್ಟು ಮೇಲೇರುವುದರಿಂದ ಹೆವಿ ಬೀಟಾ 470.77ರಲ್ಲಿಯೂ ಹೆವಿ ಡೆಲ್ಟಾ 484.28ರಲ್ಲಿಯೂ ಸಿಗುತ್ತವೆ. ತುಣುಕು ಆರ್ಜಿನೀನ್‌ನಿಂದ ಮುಗಿಯುವಂಥದ್ದಾದರೆ ಹೆಚ್ಚುವರಿ ತೂಕ 10.008. ಇವು ಯಂತ್ರಕ್ಕೆ ಮುಂಚೆ ಪೆಪ್ಟೈಡುಗಳನ್ನು ಬೇರ್ಪಡಿಸುವ ಕಾಲಂನಿಂದ ಹೊರಬರುವುದೂ ಒಡೆಯುವುದೂ ಮೂಲ ಪೆಪ್ಟೈಡಿನ ಹಾಗೆಯೇ. ಎರಡರ ವಿಸ್ತೀರ್ಣಗಳ ಅನುಪಾತವೇ ನಮ್ಮ ಅಳತೆ.

ಇಲ್ಲಿ ಮೂರು ಎಚ್ಚರಿಕೆಗಳನ್ನು ಕಡೆಗಣಿಸಬಾರದು. ಬಾಟಲಿಯ ಮೇಲೆ ಬರೆದ ತೂಕದಲ್ಲಿ ನೀರು ಮತ್ತು ಟ್ರೈಫ್ಲೋರೋಅಸಿಟಿಕ್ ಆಮ್ಲದ ಲವಣ ಸೇರಿರುತ್ತವೆ. ಅಮೈನೋ ಆಮ್ಲ ವಿಶ್ಲೇಷಣೆಯಿಂದ ನಿಗದಿಪಡಿಸಿದ ಪ್ರಮಾಣ ಇಲ್ಲದಿದ್ದರೆ ನಿಮ್ಮ ಎಲ್ಲ ಫಲಿತಾಂಶಗಳೂ ಒಂದೇ ದಿಕ್ಕಿಗೆ ವಾಲುತ್ತವೆ. ಇನ್ನು, ನೀರಿನಲ್ಲಿ ತೀರ ತೆಳುವಾಗಿ ಕರಗಿಸಿಟ್ಟ ಪೆಪ್ಟೈಡ್ ಟ್ಯೂಬಿನ ಗೋಡೆಗೆ ಅಂಟಿಕೊಂಡು ಕಡಿಮೆಯಾಗುತ್ತದೆ. ಅದನ್ನು ಶೇ. 20 ಅಸಿಟೋನೈಟ್ರೈಲ್ ಮತ್ತು ಶೇ. 0.1 ಫಾರ್ಮಿಕ್ ಆಮ್ಲದಲ್ಲಿ ಗಟ್ಟಿಯಾಗಿಯೇ ಕರಗಿಸಿ, ಚಿಕ್ಕ ಚಿಕ್ಕ ಟ್ಯೂಬುಗಳಿಗೆ ಹಂಚಿ, ಮೈನಸ್ 80 ಡಿಗ್ರಿಯಲ್ಲಿ ಇಡಬೇಕು, ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಸಿದ್ಧ ಹೆವಿ ಪೆಪ್ಟೈಡ್ ಯಂತ್ರದ ಏರಿಳಿತವನ್ನು ಸರಿದೂಗಿಸಬಲ್ಲದೇ ಹೊರತು, ಟ್ರಿಪ್ಸಿನ್ ಅರ್ಧಂಬರ್ಧ ಕತ್ತರಿಸಿದ್ದನ್ನು ಸರಿದೂಗಿಸಲಾರದು, ಏಕೆಂದರೆ ಅದು ಮೊದಲೇ ಕತ್ತರಿಸಿದ ಸ್ಥಿತಿಯಲ್ಲೇ ಬಂದಿರುತ್ತದೆ. ಎರಡೂ ಬದಿಗೆ ಕೆಲವು ಅಮೈನೋ ಆಮ್ಲಗಳನ್ನು ಹೆಚ್ಚಾಗಿ ಸೇರಿಸಿ ಮಾಡಿಸಿದ ಉದ್ದನೆಯ ಹೆವಿ ಪೆಪ್ಟೈಡ್ ಇದಕ್ಕಿಂತ ಮೇಲು, ಇಡೀ ಪ್ರೋಟೀನನ್ನೇ ಭಾರದ ಐಸೋಟೋಪಿನಲ್ಲಿ ಬೆಳೆಸಿ ತಯಾರಿಸಿದ್ದು ಎಲ್ಲಕ್ಕಿಂತ ಮೇಲು. ಹಣ ಸಾಲದವರು ಸಾದಾ ಹೆವಿ ಪೆಪ್ಟೈಡನ್ನೇ ಬಳಸಿ, ಕತ್ತರಿಸುವ ಹಂತವನ್ನು ಬಿಗಿಯಾಗಿ ಕಾಯ್ದುಕೊಳ್ಳಬೇಕು.

ರಕ್ತ ಸಂಗ್ರಹ ಮತ್ತು ನಮ್ಮ ಬಿಸಿಲು

ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮತ್ತು ರೋಗಿಯ ಲಿಖಿತ ಸಮ್ಮತಿ ಆದ ಮೇಲೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದುಕೊಳ್ಳಿರಿ. ಯಂತ್ರ ಬೆಂಗಳೂರಿನಲ್ಲಿದ್ದು ಮಾದರಿ ವಿಜಯಪುರದಲ್ಲಿದ್ದರೆ ನಡುವೆ 500 ಕಿಲೋಮೀಟರಿಗೂ ಹೆಚ್ಚು ದಾರಿಯಿದೆ, ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಒಂದು ಬೇಸಿಗೆಯಲ್ಲಿ ನಾವು ಡ್ರೈ ಐಸ್ ತುಂಬಿ ಕಳಿಸಿದ ಪೆಟ್ಟಿಗೆಯೊಂದು ಸಾಗಣೆಯವರ ಗೋದಾಮಿನಲ್ಲಿ ಇಡೀ ದಿನ ಉಳಿದುಬಿಟ್ಟಿತು. ತಲುಪಿದಾಗ ಒಳಗೆ ಐಸ್ ಇರಲಿಲ್ಲ, ಪ್ಲಾಸ್ಮಾ ಮಾದರಿಗಳು ಬೆಚ್ಚಗಾಗಿದ್ದವು. ಎರಡು ತಿಂಗಳು ಹಳ್ಳಿಹಳ್ಳಿ ತಿರುಗಿ ಸಂಗ್ರಹಿಸಿದ ಮಾದರಿಗಳನ್ನು ಬಿಸಾಡಬೇಕಾಯಿತು, ಆ ನೋವು ಇನ್ನೂ ಮನಸ್ಸಿನಲ್ಲಿದೆ. ಅಂದಿನಿಂದ ಹಿಮೋಗ್ಲೋಬಿನ್ ಕೆಲಸಕ್ಕೆ ನಾನು ಒಣಗಿದ ರಕ್ತದ ಚುಕ್ಕೆಗಳನ್ನೇ ಕಳಿಸುತ್ತೇನೆ. ಫಿಲ್ಟರ್ ಕಾಗದದ ಮೇಲೆ ರಕ್ತ ಹಾಕಿ, ನೆರಳಿನಲ್ಲಿ ಕನಿಷ್ಠ ಮೂರು ಗಂಟೆ ಒಣಗಿಸಿ, ತೇವ ಹೀರುವ ಸಿಲಿಕಾ ಪುಡಿಕೆಯೊಡನೆ ಬಿಗಿ ಚೀಲದಲ್ಲಿಟ್ಟರೆ ಅಂಚೆಯಲ್ಲಿಯೂ ಹೋಗುತ್ತದೆ. ಚುಕ್ಕೆಯಿಂದ ಕತ್ತರಿಸಿದ 3.2 ಮಿಲಿಮೀಟರ್ ವ್ಯಾಸದ ಒಂದು ಬಿಲ್ಲೆಯಲ್ಲಿ ಸುಮಾರು 3 ಮೈಕ್ರೋಲೀಟರ್ ರಕ್ತವಿರುತ್ತದೆ. ನಮಗೆ ಬೇಕಾದದ್ದು ಡೆಲ್ಟಾ ಮತ್ತು ಬೀಟಾಗಳ ಅನುಪಾತವಾದ್ದರಿಂದ ಚುಕ್ಕೆಯಲ್ಲಿ ರಕ್ತ ತುಸು ಹೆಚ್ಚುಕಡಿಮೆಯಾದರೂ ತೊಂದರೆಯಿಲ್ಲ. ಪ್ಲಾಸ್ಮಾದಲ್ಲಿ ಒಂದು ಪ್ರೋಟೀನಿನ ಸಾಂದ್ರತೆಯನ್ನೇ ಹೇಳಬೇಕಾದಾಗ ಈ ಸಲಿಗೆ ಇರುವುದಿಲ್ಲ.

ಮೇಜಿನ ಮೇಲಿನ ಒಂದು ಗಂಟೆ

ತಾಜಾ ರಕ್ತವಾದರೆ 10 ಮೈಕ್ರೋಲೀಟರ್ ರಕ್ತವನ್ನು 990 ಮೈಕ್ರೋಲೀಟರ್ ಶುದ್ಧ ನೀರಿಗೆ ಹಾಕಿ ಮೆಲ್ಲಗೆ ತಿರುವಿರಿ. ಕೆಂಪು ರಕ್ತಕಣಗಳು ನೀರು ಕುಡಿದು ಒಡೆಯುತ್ತವೆ, ಮಬ್ಬಾಗಿದ್ದ ದ್ರವ ಕ್ಷಣದಲ್ಲಿ ತಿಳಿಗೆಂಪಾಗುತ್ತದೆ. ಹಾಗೆ ತಿಳಿಯಾಗದೆ ಮಬ್ಬು ಉಳಿದರೆ ಕಣಗಳು ಪೂರ್ತಿ ಒಡೆದಿಲ್ಲವೆಂದು ತಿಳಿದು ಇನ್ನೂ ಐದು ನಿಮಿಷ ಬಿಡಿರಿ. ರಕ್ತದಲ್ಲಿ ಡೆಸಿಲೀಟರಿಗೆ 13 ಗ್ರಾಂ ಹಿಮೋಗ್ಲೋಬಿನ್ ಇದ್ದರೆ, ಹೀಗೆ ತೆಳುವಾದ ದ್ರವದ 10 ಮೈಕ್ರೋಲೀಟರಿನಲ್ಲಿ 13 ಮೈಕ್ರೋಗ್ರಾಂ ಇರುತ್ತದೆ, ಎಂದರೆ ಸುಮಾರು 400 ಪಿಕೋಮೋಲ್ ಬೀಟಾ ಸರಪಳಿ ಮತ್ತು ಆರೋಗ್ಯವಂತರಲ್ಲಿ ಸುಮಾರು 10 ಪಿಕೋಮೋಲ್ ಡೆಲ್ಟಾ. ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದರಿಂದ ಹೆವಿ ಪೆಪ್ಟೈಡುಗಳನ್ನು ಅದೇ ಮಟ್ಟದಲ್ಲಿ, ಅಂದರೆ ಬೀಟಾ 400 ಮತ್ತು ಡೆಲ್ಟಾ 10 ಪಿಕೋಮೋಲ್ ಇರುವಂತೆ ಬೆರೆಸಿದ 10 ಮೈಕ್ರೋಲೀಟರ್ ದ್ರಾವಣವಾಗಿ ಸಿದ್ಧಮಾಡಿಟ್ಟುಕೊಳ್ಳಬಹುದು. ಸಿಕಲ್ ಸೆಲ್ ತುಣುಕುಗಳ ಹೆವಿ ಜೋಡಿಯನ್ನೂ ಇದರಲ್ಲೇ ಬೆರೆಸಿರಿ.

ತೆಳುವಾದ ರಕ್ತ 10, ಹೆವಿ ಮಿಶ್ರಣ 10, ಅಸಿಟೋನೈಟ್ರೈಲ್ 20, ಪಿಎಚ್ 8ರ ಹತ್ತಿರವಿರುವ 50 ಮಿಲಿಮೋಲಾರ್ ಅಮೋನಿಯಂ ಬೈಕಾರ್ಬೊನೇಟ್ 60 ಮೈಕ್ರೋಲೀಟರ್ ಸೇರಿಸಿದರೆ ಒಟ್ಟು 100 ಆಯಿತು. ಶೇ. 20ರಷ್ಟು ಅಸಿಟೋನೈಟ್ರೈಲ್ ಹಿಮೋಗ್ಲೋಬಿನ್ನಿನ ಮಡಿಕೆಗಳನ್ನು ಸಡಿಲಿಸುತ್ತದೆ, ಟ್ರಿಪ್ಸಿನ್ನಿನ ಕೆಲಸವನ್ನು ಕೆಡಿಸುವುದಿಲ್ಲ. ಬೈಕಾರ್ಬೊನೇಟ್ ಬಫರನ್ನು ಅಂದಂದೇ ಮಾಡಿಕೊಳ್ಳಬೇಕು, ಹಳೆಯದಾದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಪಿಎಚ್ ಏರುತ್ತದೆ. ನಾವು ಆರಿಸಿದ ತುಣುಕುಗಳಲ್ಲಿ ಸಿಸ್ಟೀನ್ ಇಲ್ಲ, ಹಿಮೋಗ್ಲೋಬಿನ್ನಿನಲ್ಲಿ ಬಿಡಿಸಬೇಕಾದ ಡೈಸಲ್ಫೈಡ್ ಬಂಧಗಳೂ ಇಲ್ಲ. ಹಾಗಾಗಿ ಅಪಕರ್ಷಣ ಮತ್ತು ಅಲ್ಕೈಲೀಕರಣದ ಒಂದು ಗಂಟೆ ಪೂರ್ತಿ ಉಳಿಯಿತು. ಪೆಪ್ಟೈಡ್ ಆಯ್ಕೆಯ ಹೊತ್ತಿನಲ್ಲಿ ಸಿಸ್ಟೀನ್ ಬಿಟ್ಟದ್ದರ ಫಲ ಇಲ್ಲಿ ಕೈಗೆ ಸಿಗುತ್ತದೆ.

ಈಗ ಮಾಸ್ ಸ್ಪೆಕ್ಟ್ರೋಮೆಟ್ರಿ ದರ್ಜೆಯ ಟ್ರಿಪ್ಸಿನ್ 1 ಮೈಕ್ರೋಗ್ರಾಂ ಹಾಕಿ 37 ಡಿಗ್ರಿಯಲ್ಲಿ 30 ನಿಮಿಷ ಇಡಿರಿ. ಶೇ. 10ರ ಫಾರ್ಮಿಕ್ ಆಮ್ಲ 10 ಮೈಕ್ರೋಲೀಟರ್ ಹಾಕಿದಾಗ ಸಣ್ಣ ಗುಳ್ಳೆಗಳು ಏಳುತ್ತವೆ, ಟ್ರಿಪ್ಸಿನ್ ಅಲ್ಲಿಗೆ ನಿಲ್ಲುತ್ತದೆ. ಬಳಿಕ ಇದನ್ನು ಶೇ. 0.1 ಫಾರ್ಮಿಕ್ ಆಮ್ಲದಲ್ಲಿ ಹತ್ತು ಪಟ್ಟು ತೆಳುಮಾಡಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ವಯಲಿಗೆ ತೆಗೆದುಕೊಳ್ಳಿರಿ. ತೆಳುಮಾಡುವುದನ್ನು ಬಿಟ್ಟರೆ ಅದರಲ್ಲಿನ ಅಸಿಟೋನೈಟ್ರೈಲ್ ಪೆಪ್ಟೈಡನ್ನು ಕಾಲಂ ಹಿಡಿಯುವ ಮೊದಲೇ ತಳ್ಳಿಕೊಂಡು ಹೋಗುತ್ತದೆ, ಪೀಕ್ ಒಡೆದು ಎರಡಾಗಿ ಕಾಣುತ್ತದೆ.

ಅರ್ಧ ಗಂಟೆ ಸಾಕೇ ಎಂಬುದನ್ನು ಪುಸ್ತಕ ನೋಡಿ ನಂಬದೆ ನಿಮ್ಮ ಮೇಜಿನ ಮೇಲೆಯೇ ಪರೀಕ್ಷಿಸಿಕೊಳ್ಳಬೇಕು. ಬೀಟಾ ಸರಪಳಿಯಲ್ಲಿ ನಮ್ಮ ತುಣುಕಿನ ಎಡಗಡೆಯ ಲೈಸೀನ್‌ಗೆ ಮುಂಚೆ ಎರಡು ಗ್ಲುಟಾಮಿಕ್ ಆಮ್ಲಗಳಿವೆ, ಇಂಥ ಋಣಾವೇಶದ ನೆರೆಯಲ್ಲಿ ಟ್ರಿಪ್ಸಿನ್ ನಿಧಾನವಾಗುತ್ತದೆ. ಅಲ್ಲಿ ಕತ್ತರಿಸದೆ ಉಳಿದ ಜೋಡು ತುಣುಕು ಮೂರು ಆವೇಶದಲ್ಲಿ 622.68ರ ಬೆಲೆಗೆ ಕಾಣುತ್ತದೆ. 15, 30, 60, 120 ನಿಮಿಷಗಳಿಗೆ ಒಂದೊಂದು ಟ್ಯೂಬನ್ನು ನಿಲ್ಲಿಸಿ ಆ ಜೋಡು ತುಣುಕು ಎಷ್ಟು ಉಳಿದಿದೆ, ನಮ್ಮ ತುಣುಕು ಎಷ್ಟು ಏರಿದೆ ಎಂದು ಗೆರೆ ಎಳೆದು ನೋಡಿರಿ. ಏರಿಕೆ ಸಮತಟ್ಟಾದ ಜಾಗವೇ ನಿಮ್ಮ ಸಮಯ. ವಿದ್ಯುತ್ ಹೋಗಿ ಬರುವ ಊರುಗಳಲ್ಲಿ ಇನ್‌ಕ್ಯುಬೇಟರಿಗೆ ಯುಪಿಎಸ್ ಇರುವುದು ಅವಶ್ಯ, ತಟ್ಟೆಯ ಅರ್ಧ ಭಾಗ 37 ಡಿಗ್ರಿಯಲ್ಲೂ ಇನ್ನರ್ಧ ಕೋಣೆಯ ಉಷ್ಣಾಂಶದಲ್ಲೂ ಕತ್ತರಿಸಿಕೊಂಡರೆ ಅದನ್ನು ಯಾವ ಹೆವಿ ಪೆಪ್ಟೈಡೂ ಸರಿಮಾಡದು.

ಐದು ನಿಮಿಷದ ರನ್

2.1 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಉದ್ದದ ಸಿ18 ಕಾಲಂ, ನಿಮಿಷಕ್ಕೆ 0.4 ಮಿಲಿಲೀಟರ್ ಹರಿವು, ಕಾಲಂ ಉಷ್ಣಾಂಶ 40 ಡಿಗ್ರಿ ಇರಲಿ. ನೀರು ಮತ್ತು ಅಸಿಟೋನೈಟ್ರೈಲ್ ಎರಡರಲ್ಲೂ ಶೇ. 0.1 ಫಾರ್ಮಿಕ್ ಆಮ್ಲವಿರಬೇಕು. ಅಸಿಟೋನೈಟ್ರೈಲನ್ನು ಮೂರು ನಿಮಿಷದಲ್ಲಿ ಶೇ. 5ರಿಂದ 35ಕ್ಕೆ ಏರಿಸಿ, ಸ್ವಲ್ಪ ಹೊತ್ತು ಶೇ. 95ರಲ್ಲಿ ತೊಳೆದು, ಮತ್ತೆ ಶೇ. 5ಕ್ಕೆ ಇಳಿಸಿ ಸಮಸ್ಥಿತಿಗೆ ತರುವಷ್ಟರಲ್ಲಿ ಐದು ನಿಮಿಷ ಆಗುತ್ತದೆ. 96 ಮಾದರಿಗಳ ಒಂದು ತಟ್ಟೆ ಎಂಟು ಗಂಟೆಯಲ್ಲಿ ಮುಗಿಯುತ್ತದೆ. ಇದೇ ತಟ್ಟೆಯನ್ನು ಸಾವಿರಾರು ಪ್ರೋಟೀನು ಹುಡುಕುವ ಒಂದು ಗಂಟೆಯ ರನ್‌ನಲ್ಲಿ ಹಾಕಿದರೆ ನಾಲ್ಕು ದಿನ ಬೇಕು.

ಪೀಕ್‌ನ ಅಗಲ 6 ಸೆಕೆಂಡ್ ಎಂದಿಟ್ಟುಕೊಳ್ಳೋಣ. ಅದರ ಆಕಾರ ಸರಿಯಾಗಿ ಮೂಡಲು 8ರಿಂದ 12 ಬಿಂದುಗಳು ಬೇಕು. ನಮ್ಮ ಬೀಟಾ ಮತ್ತು ಡೆಲ್ಟಾಗಳಿಗೆ ಸಾದಾ, ಹೆವಿ ಸೇರಿ ಮೂರು ಮೂರು ಚೂರಿನಂತೆ 12, ಸಿಕಲ್ ಸೆಲ್ ಜೋಡಿಗೆ ಎರಡೆರಡರಂತೆ 8, ಒಟ್ಟು 20 ಟ್ರಾನ್ಸಿಷನ್. ಒಂದೊಂದಕ್ಕೂ 20 ಮಿಲಿಸೆಕೆಂಡ್ ಎಣಿಕೆ ಮತ್ತು 5 ಮಿಲಿಸೆಕೆಂಡ್ ಬದಲಾವಣೆಯ ಬಿಡುವು ಕೊಟ್ಟರೆ ಒಂದು ಸುತ್ತಿಗೆ ಅರ್ಧ ಸೆಕೆಂಡ್, ಒಂದು ಪೀಕ್‌ಗೆ 12 ಬಿಂದು. ಇನ್ನೂ ನಾಲ್ಕು ಪ್ರೋಟೀನು ಸೇರಿಸೋಣ ಎಂಬ ಆಸೆ ಬಂದಾಗ ಈ ಲೆಕ್ಕವನ್ನು ಮತ್ತೆ ಮಾಡಿರಿ, ಬಿಂದುಗಳು ಐದಾರಕ್ಕೆ ಇಳಿದರೆ ವಿಸ್ತೀರ್ಣ ನಂಬುವಂತಿರುವುದಿಲ್ಲ. ಬೀಟಾ ಪೆಪ್ಟೈಡ್ ಡೆಲ್ಟಾಕ್ಕಿಂತ ಸುಮಾರು ನಲವತ್ತು ಪಟ್ಟು ಹೆಚ್ಚಿರುವುದರಿಂದ ಅದರ ಪೀಕ್ ಡಿಟೆಕ್ಟರಿನ ಮಿತಿಯನ್ನು ಮುಟ್ಟುವ ಅಪಾಯವಿದೆ. ಹಾಗಾದರೆ ಬೀಟಾಕ್ಕೆ ಮಾತ್ರ ಒಡೆಯುವ ಶಕ್ತಿಯನ್ನು ಬೇಕೆಂದೇ ತುಸು ತಪ್ಪಿಸಿ ಇಡಬಹುದು. ಸಾದಾ ಮತ್ತು ಹೆವಿ ಎರಡಕ್ಕೂ ಅದೇ ಬೆಲೆಯನ್ನಿಟ್ಟರೆ ಅನುಪಾತ ಕೆಡುವುದಿಲ್ಲ.

ಪೀಕ್‌ಗಳನ್ನು ಓದುವುದು ಮತ್ತು ಲೆಕ್ಕ

ಸಾದಾ ಪೆಪ್ಟೈಡಿನ ಮೂರು ಚೂರುಗಳು ಒಂದೇ ಕ್ಷಣದಲ್ಲಿ ಏರಿ ಒಂದೇ ಕ್ಷಣದಲ್ಲಿ ಇಳಿಯಬೇಕು, ಹೆವಿಯ ಮೂರು ಚೂರುಗಳೂ ಅವುಗಳ ಮೇಲೆಯೇ ಕೂರಬೇಕು. ಚೂರುಗಳ ನಡುವಿನ ಅನುಪಾತ ಹೆವಿಯಲ್ಲಿ ಕಂಡದ್ದಕ್ಕಿಂತ ಶೇ. 20ಕ್ಕೂ ಹೆಚ್ಚು ಬೇರೆಯಾದರೆ ನಡುವೆ ಬೇರೇನೋ ಅಣು ನುಸುಳಿದೆ ಎಂದರ್ಥ, ಆ ಅಂಕಿಯನ್ನು ವರದಿ ಮಾಡಬಾರದು. ಪ್ರತಿ ತಟ್ಟೆಯಲ್ಲೂ ಏನೂ ಹಾಕದ ಒಂದು ಖಾಲಿ ಮಾದರಿ ಮತ್ತು ಹೆವಿ ಮಾತ್ರ ಹಾಕಿದ ಒಂದು ಮಾದರಿ ಇರಲಿ. ಮೊದಲನೆಯದು ಹಿಂದಿನ ಮಾದರಿಯ ಉಳಿಕೆಯನ್ನು ತೋರಿಸುತ್ತದೆ, ಎರಡನೆಯದು ಹೆವಿ ಪೆಪ್ಟೈಡಿನೊಳಗೆ ಸಾದಾ ಪೆಪ್ಟೈಡ್ ಎಷ್ಟು ಬೆರೆತುಬಂದಿದೆ ಎಂಬುದನ್ನು ಹೇಳುತ್ತದೆ.

ಒಂದು ಮಾದರಿಯಲ್ಲಿ ಬೀಟಾದ ಸಾದಾ ಹೆವಿ ಅನುಪಾತ 0.95, ಡೆಲ್ಟಾದ್ದು 2.1 ಬಂದಿತೆನ್ನಿರಿ. ಬೀಟಾ 380 ಪಿಕೋಮೋಲ್, ಡೆಲ್ಟಾ 21 ಪಿಕೋಮೋಲ್ ಆಯಿತು. ಒಟ್ಟು 401ರಲ್ಲಿ 21 ಎಂದರೆ ಶೇ. 5.2, ವಾಹಕರಲ್ಲಿ ಕಾಣುವ ಮಟ್ಟ. ವಯಸ್ಕರಲ್ಲಿ ಭ್ರೂಣದ ಹಿಮೋಗ್ಲೋಬಿನ್ನಿನ ಗ್ಯಾಮಾ ಸರಪಳಿ ಅತ್ಯಲ್ಪವಾದ್ದರಿಂದ ಇಲ್ಲಿ ಅದನ್ನು ಬಿಟ್ಟಿದ್ದೇವೆ, ಹಸುಗೂಸುಗಳ ರಕ್ತದಲ್ಲಿ ಹಾಗೆ ಬಿಡಲು ಬರುವುದಿಲ್ಲ. ಕಬ್ಬಿಣದ ಕೊರತೆಯಿರುವವರಲ್ಲಿ ಎ2 ಪ್ರಮಾಣ ತಗ್ಗುತ್ತದೆ ಎಂಬುದೂ ನೆನಪಿರಬೇಕು. ನಮ್ಮ ಭಾಗದ ಗರ್ಭಿಣಿಯರಲ್ಲಿ ರಕ್ತಹೀನತೆ ಸಾಮಾನ್ಯವಾದ್ದರಿಂದ ಶೇ. 3.2 ಅಥವಾ 3.4ರಂಥ ಅಂಕಿ ಬಂದಾಗ ದೇಹದ ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ನೋಡದೆ ವಾಹಕರಲ್ಲ ಎಂದು ಬರೆಯಬಾರದು.

ಪ್ಲಾಸ್ಮಾದ ಪ್ರೋಟೀನುಗಳಾದರೆ

ಹಿಮೋಗ್ಲೋಬಿನ್ನಿನಲ್ಲಿ ಸಿಕ್ಕ ಸುಲಭವನ್ನು ಪ್ಲಾಸ್ಮಾದಲ್ಲಿ ನಿರೀಕ್ಷಿಸಬಾರದು. ಅಲ್ಬುಮಿನ್ ಲೀಟರಿಗೆ 35ರಿಂದ 50 ಗ್ರಾಂ ಇದ್ದರೆ, ಅದೇ ಲೀಟರಿನಲ್ಲಿ ಸೈಟೋಕೈನು ಎಂಬ ಕೆಲವು ಸಂಕೇತ ಪ್ರೋಟೀನುಗಳು ನ್ಯಾನೋಗ್ರಾಂ ಲೆಕ್ಕದಲ್ಲಿರುತ್ತವೆ. ಜೋಳದ ರಾಶಿಯಲ್ಲಿ ಒಂದು ಸಾಸಿವೆ ಕಾಳು ಎಂದರೂ ಈ ಅಂತರ ಪೂರ್ತಿ ಹೇಳಿದಂತಾಗುವುದಿಲ್ಲ. ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಂಗಿಂತ ಹೆಚ್ಚಿರುವ ಅಪೋಲಿಪೋಪ್ರೋಟೀನಿನಂಥವನ್ನು ಮೇಲಿನ ದಾರಿಯಲ್ಲೇ ಅಳೆಯಬಹುದು. ಆದರೆ ಡೈಸಲ್ಫೈಡ್ ಬಂಧಗಳನ್ನು ಬಿಡಿಸುವ ಹಂತ ಸೇರುತ್ತದೆ, ಅಲ್ಬುಮಿನ್ ಒಂದರಲ್ಲೇ ಅವು 17 ಇವೆ. ಯೂರಿಯಾ ಬಳಸಿದರೆ 37 ಡಿಗ್ರಿಗಿಂತ ಮೇಲೆ ಕಾಯಿಸಬಾರದು, ಕಾಯಿಸಿದರೆ ಪೆಪ್ಟೈಡುಗಳ ಮೇಲೆ ಕಾರ್ಬಮೈಲ್ ಗುಂಪು ಕೂತು ತೂಕವೇ ಬದಲಾಗುತ್ತದೆ. ಥೈರೋಗ್ಲೋಬ್ಯುಲಿನ್‌ನಂತೆ ಮಿಲಿಲೀಟರಿಗೆ ನ್ಯಾನೋಗ್ರಾಂ ಇರುವವಕ್ಕೆ, ಕತ್ತರಿಸಿದ ಮೇಲೆ ಆ ಪೆಪ್ಟೈಡನ್ನಷ್ಟೇ ಹಿಡಿಯುವ ಪ್ರತಿಕಾಯವನ್ನು ಮಣಿಗಳ ಮೇಲೆ ಕೂರಿಸಿ ಬೇರ್ಪಡಿಸಬೇಕಾಗುತ್ತದೆ. ಶ್ರಮ ಹೆಚ್ಚಾದರೂ ಅದು ಸಾರ್ಥಕ. ಥೈರಾಯ್ಡ್ ಕ್ಯಾನ್ಸರ್ ರೋಗಿಯ ರಕ್ತದಲ್ಲಿ ಥೈರೋಗ್ಲೋಬ್ಯುಲಿನ್ ವಿರುದ್ಧದ ಪ್ರತಿಕಾಯಗಳಿದ್ದರೆ ಪ್ರತಿಕಾಯ ಬಳಸಿ ಅಳೆಯುವ ಎಲೈಸಾದಂಥ ಪರೀಕ್ಷೆಗಳು ತಪ್ಪುದಾರಿ ಹಿಡಿಸುತ್ತವೆ, ಟ್ರಿಪ್ಸಿನ್ ಆ ಪ್ರತಿಕಾಯಗಳನ್ನೂ ಕತ್ತರಿಸಿಹಾಕುವುದರಿಂದ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಆ ಅಡ್ಡಿ ಬಹುಮಟ್ಟಿಗೆ ತಪ್ಪುತ್ತದೆ.

ನಂಬುವ ಮುನ್ನ

ಕಡಿಮೆ, ಮಧ್ಯಮ, ಹೆಚ್ಚು ಮಟ್ಟದ ಮೂರು ಮಾದರಿಗಳನ್ನು ಐದು ದಿನ, ದಿನಕ್ಕೆ ಮೂರು ಬಾರಿ, ಪ್ರತಿ ಬಾರಿಯೂ ರಕ್ತ ತೆಳುಮಾಡುವುದರಿಂದಲೇ ಶುರುಮಾಡಿ ಅಳೆಯಿರಿ. ಒಮ್ಮೆ ಸಿದ್ಧಪಡಿಸಿದ ವಯಲನ್ನೇ ಮತ್ತೆ ಮತ್ತೆ ಯಂತ್ರಕ್ಕೆ ಕೊಟ್ಟರೆ ಯಂತ್ರದ ಸ್ಥಿರತೆ ಗೊತ್ತಾಗುತ್ತದೆಯೇ ಹೊರತು ನಿಮ್ಮ ಕೈಯ ಸ್ಥಿರತೆ ಗೊತ್ತಾಗದು. ಮರುಅಳತೆಗಳು ಎಷ್ಟು ಚದುರಿವೆ ಎಂದು ಹೇಳುವ ವ್ಯತ್ಯಾಸದ ಗುಣಾಂಕ ಶೇ. 15ರೊಳಗೆ, ಅಳೆಯಬಲ್ಲ ಕನಿಷ್ಠ ಮಟ್ಟದಲ್ಲಿ ಶೇ. 20ರೊಳಗೆ ಇರಬೇಕೆಂಬುದು ರೂಢಿಯಲ್ಲಿರುವ ಮಿತಿ. ಎ2 ಕೆಲಸದಲ್ಲಿ ಶೇ. 3.3 ಮತ್ತು 3.7ರ ನಡುವೆ ತೀರ್ಮಾನ ಮಾಡಬೇಕಾದ್ದರಿಂದ ಅಷ್ಟು ಸಡಿಲ ಸಾಲದು, ಶೇ. 5ಕ್ಕಿಂತ ಕೆಳಗೆ ತರುವವರೆಗೆ ನಾನು ಮುಂದಿನ ಹೆಜ್ಜೆ ಇಡಲು ಬಿಡುವುದಿಲ್ಲ.

ಅದಾದ ಮೇಲೆ ಎಚ್‌ಪಿಎಲ್‌ಸಿ ವರದಿ ಈಗಾಗಲೇ ಇರುವ 40 ಮಾದರಿಗಳನ್ನು, ವರದಿಯನ್ನು ನೋಡದೆ, ನಿಮ್ಮ ವಿಧಾನದಲ್ಲಿ ಅಳೆಯಿರಿ. ಎರಡರ ವ್ಯತ್ಯಾಸವನ್ನು ಸರಾಸರಿಯ ಶೇಕಡಾವಾರಾಗಿ ಲೆಕ್ಕಹಾಕಿ, ಸರಾಸರಿಯ ಎದುರಿಗೆ ಚುಕ್ಕೆಗಳಾಗಿ ಹಾಕಿ. ಎಲ್ಲ ಚುಕ್ಕೆಗಳೂ ಒಂದೇ ಬದಿಗೆ ಸಮನಾಗಿ ಸರಿದಿದ್ದರೆ ಹೆವಿ ಪೆಪ್ಟೈಡಿನ ಪ್ರಮಾಣದಲ್ಲಿ ತಪ್ಪಿದೆ, ಬಾಟಲಿಯ ವಿಶ್ಲೇಷಣಾ ಪತ್ರಕ್ಕೆ ಮರಳಿರಿ.  ಒಂದೆರಡು ಚುಕ್ಕೆಗಳು ಮಾತ್ರ ದೂರ ನಿಂತಿದ್ದರೆ ಅವನ್ನು ಅಳಿಸಿಹಾಕದೆ, ಮೊದಲು ಅವೇ ಮಾದರಿಗಳ 461.77ರ ಪೀಕ್ ತೆರೆದು ಸಿಕಲ್ ಸೆಲ್ ತುಣುಕು ಇದೆಯೇ ಎಂದು ಪರಿಶೀಲಿಸಿ, ಆಮೇಲೆ ಹೆಮಟಾಲಜಿ ವಿಭಾಗಕ್ಕೆ ಹೋಗಿ ಆ ಮಾದರಿಗಳ ಎಚ್‌ಪಿಎಲ್‌ಸಿ ರೇಖೆಯನ್ನೇ ಕೇಳಿ ಪಡೆದು, ಎ2 ಹೊರಬರುವ ಸಮಯದ ಕಿಟಕಿಯಲ್ಲಿ ಶೇ. 10ಕ್ಕಿಂತ ಹೆಚ್ಚಿನ ಪೀಕ್ ಇದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿರಿ. ಅಷ್ಟಿದ್ದರೆ ಅದು ಹಿಮೋಗ್ಲೋಬಿನ್ ಇ ಆಗಿರುವ ಸಾಧ್ಯತೆಯಿದೆ.